ಒಂದೇ ಬೆಂಚಿನ ನಾಲ್ಕು ನುಡಿ

ಬಾಗಲೂರು ಎಂದೊಡನೆ ಬೆಂಗಳೂರಿನವರಿಗೆ ವಿಮಾನ ನಿಲ್ದಾಣದ ಮಗ್ಗುಲಿನ ಬಾಗಲೂರು ನೆನಪಾಗಬಹುದು. ನಾನು ಮಾತಾಡಲು ಹೊರಟಿರುವುದು ಇನ್ನೊಂದರ ವಿಷಯ. ಹೊಸೂರಿನಿಂದ ಮಾಲೂರಿನ ಕಡೆಗೆ ಹೊರಟರೆ ಗಡಿ ದಾಟುವ ಮುನ್ನ ಸಿಗುವ ಬಾಗಲೂರು ಇದು. ಸರ್ಕಾರದ ಲೆಕ್ಕಕ್ಕೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಹಿಂದೆ ಪಾಳೆಯಗಾರರಿದ್ದ ಊರು, ಈಗ ಗುಲಾಬಿ ತೋಟಗಳ ಊರು. ಬೆಳಗಿನ ಹೊತ್ತು ತೋಟಕ್ಕೆ ಹೊರಟ ಹೆಂಗಸರ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಡಿ. ಮೇಸ್ತ್ರಿಯ ಹತ್ತಿರ ತೆಲುಗು, ತಮ್ಮತಮ್ಮಲ್ಲಿ ಕನ್ನಡ, ಬಸ್ಸು ಬಂದರೆ ಕಂಡಕ್ಟರ್ ಹತ್ತಿರ ತಮಿಳು, ಪಕ್ಕದ ಮನೆಯ ಮುಸಲ್ಮಾನ ಅಜ್ಜಿಯ ಹತ್ತಿರ ಅರ್ಧ ದಖನಿ ಉರ್ದು. ಅವರಲ್ಲಿ ಯಾರೂ ತಮ್ಮನ್ನು ಬಹುಭಾಷಾ ಪಂಡಿತರೆಂದು ತಿಳಿದಿಲ್ಲ. ಬದುಕಲು ಬೇಕಾದದ್ದನ್ನು ಕಲಿತಿದ್ದಾರೆ, ಅಷ್ಟೇ.

ಇದೇ ಹೆಂಗಸರ ಮಕ್ಕಳು ಶಾಲೆಗೆ ಹೋಗುತ್ತಾರೆ. ಒಂದೇ ಬೆಂಚಿನಲ್ಲಿ ನಾಲ್ಕು ಮಾತಿನ ಮಕ್ಕಳು ಕೂರುತ್ತಾರೆ. ಆದರೆ ಪುಸ್ತಕ ತೆರೆದ ಕೂಡಲೇ ಆ ತರಗತಿಯಲ್ಲಿ ಒಂದೇ ಮಾತಿದೆ ಎಂದು ಎಲ್ಲರೂ ನಟಿಸಬೇಕಾಗುತ್ತದೆ. ಭಾಷೆ ಕಲಿಸುವ ಬಗೆಯನ್ನೂ ತರಗತಿಯ ಪುಸ್ತಕ ಸಾಮಗ್ರಿಗಳನ್ನೂ ಎಲ್ಲ ಮಕ್ಕಳಿಗೂ ಒದಗುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಇಂದು ಎಲ್ಲ ಕಡೆ ಕೇಳಿಬರುತ್ತಿದೆ. ಅದಕ್ಕೆ ಉತ್ತರ ಹುಡುಕಲು ಬಾಗಲೂರಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಹೊಸೂರು ಸೀಮೆ ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಅಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ ಎರಡಕ್ಕಿಂತ ಕಡಿಮೆ, ತೆಲುಗಿನವರು ಸುಮಾರು ಆರು. ರಾಜ್ಯದ ಒಟ್ಟು ಲೆಕ್ಕದಲ್ಲಿ ಇವು ಸಣ್ಣ ಅಂಕಿಗಳು. ಬಾಗಲೂರು, ತಳಿ, ಕೆಲಮಂಗಲ, ಡೆಂಕಣಿಕೋಟೆಗೆ ಬಂದು ನೋಡಿದರೆ ಇವೇ ಬೀದಿಯ ಮಾತುಗಳು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದೂ 1956ರಲ್ಲೇ, ಏಳನೆಯ ತಿದ್ದುಪಡಿಯಲ್ಲಿ. ಅದಕ್ಕೂ ಮೊದಲು, 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸಭೆ ಸೇರಿ ಒಂದು ಸೂತ್ರ ಒಪ್ಪಿದ್ದರು. ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತಿನವರಿದ್ದರೆ ಅವರ ಮಾತು ಬಲ್ಲ ಶಿಕ್ಷಕರನ್ನು ನೇಮಿಸಬೇಕು. ಆ ಕಾಲಕ್ಕೆ ಇದು ಉದಾರವಾದ ಸೂತ್ರ, ಅನುಮಾನವಿಲ್ಲ. ಆದರೆ ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದರೆ? ಒಬ್ಬಳೇ ಇದ್ದರೆ? ಸೂತ್ರದಲ್ಲಿ ಅವಳಿಗೆ ಜಾಗವಿಲ್ಲ. ಹಕ್ಕನ್ನು ತಲೆ ಎಣಿಸಿ ಕೊಡುವ ಈ ಪದ್ಧತಿಯಿಂದ ನಾವು ಇನ್ನೂ ಹೊರಗೆ ಬಂದಿಲ್ಲ. ಶಾಲೆಗೆ ಸೇರುವವರು ಕಡಿಮೆಯಾದರೆ ಮಾಧ್ಯಮ ಹೋಗುತ್ತದೆ, ಮಾಧ್ಯಮ ಹೋದರೆ ಇದ್ದ ನಾಲ್ವರೂ ಬೇರೆ ಶಾಲೆ ಹುಡುಕುತ್ತಾರೆ.

2006ರಲ್ಲಿ ತಮಿಳುನಾಡು ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡುವ ತಮಿಳು ಕಲಿಕೆಯ ಕಾಯ್ದೆ ಮಾಡಿತು. ಮೊದಲ ವರ್ಷ ಒಂದನೆಯ ತರಗತಿಗೆ ಬಂದು, ವರ್ಷಕ್ಕೊಂದು ತರಗತಿಯಂತೆ ಏರಿ, 2015–16ಕ್ಕೆ ಹತ್ತನೆಯ ತರಗತಿ ಮುಟ್ಟಿತು. ಭಾಗ ಒಂದು ತಮಿಳು, ಭಾಗ ಎರಡು ಇಂಗ್ಲಿಷ್, ಭಾಗ ಮೂರು ಉಳಿದ ವಿಷಯಗಳು. ಮನೆಮಾತು ಬೇಕೆಂದರೆ ಭಾಗ ನಾಲ್ಕರಲ್ಲಿ ಐಚ್ಛಿಕ. ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋದರು. ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ಮದ್ರಾಸ್ ಹೈಕೋರ್ಟು ವಿನಾಯಿತಿ ಕೊಟ್ಟಿತು, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷ ಮುಂದುವರಿಸಿತು. ಪರೀಕ್ಷೆ ಹತ್ತಿರ ಬಂದಾಗ ವಕೀಲರ ಮನೆಗೆ ಓಡುವುದು ಗಡಿಭಾಗದ ತಂದೆತಾಯಿಗಳಿಗೆ ಅಭ್ಯಾಸವಾಗಿ ಹೋಯಿತು.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ಕನ್ನಡ ಗೆಳೆಯರಿಗೆ ಹಿಡಿಸಲಿಕ್ಕಿಲ್ಲ. ತಮಿಳುನಾಡಿನಲ್ಲಿ ಬದುಕುವ ಮಗು ತಮಿಳು ಕಲಿಯಬೇಕು. ತಾಲೂಕಾಫೀಸಿನ ಅರ್ಜಿ ಓದಲು ಬೇಕು, ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಕೇಳಲು ಬೇಕು, ನೆರೆಮನೆಯ ಹುಡುಗನೊಡನೆ ಜಗಳವಾಡಲೂ ಬೇಕು. ತಕರಾರು ಇರುವುದು ಕಲಿಸುವ ರೀತಿಯ ಬಗ್ಗೆ. ಹಾಲು ಕುಡಿಯುವಾಗಿನಿಂದ ತಮಿಳು ಕೇಳಿ ಬೆಳೆದ ತಂಜಾವೂರಿನ ಹುಡುಗಿಗೆ ಬರೆದ ಪುಸ್ತಕದಿಂದಲೇ, ಆರನೆಯ ವರ್ಷಕ್ಕೆ ಮೊದಲ ಸಲ ತಮಿಳು ಅಕ್ಷರ ಕಂಡ ಬಾಗಲೂರಿನ ಹುಡುಗಿಯೂ ಕಲಿಯಬೇಕೆನ್ನುವುದು ನ್ಯಾಯವಲ್ಲ. ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಬೇರೆ ಪುಸ್ತಕ ಬೇಕು, ಬೇರೆ ವೇಗ ಬೇಕು, ಬೇರೆ ಪ್ರಶ್ನೆಪತ್ರಿಕೆ ಬೇಕು. ಕರ್ನಾಟಕ ಈ ಒಂದು ವಿಷಯದಲ್ಲಿ ವಾಸಿ. ಪ್ರಥಮ ಭಾಷೆಯವರಿಗೆ ‘ಸಿರಿ ಕನ್ನಡ’, ದ್ವಿತೀಯ ಭಾಷೆಯವರಿಗೆ ‘ತಿಳಿ ಕನ್ನಡ’ ಎಂದು ಬೇರೆಬೇರೆ ಪುಸ್ತಕ ಮಾಡಿದೆ. ‘ತಿಳಿ ತಮಿಳು’ ಅನ್ನಬಹುದಾದ ಒಂದು ಪುಸ್ತಕ ಬಂದಿದ್ದರೆ ಕೋರ್ಟಿನ ಅರ್ಧ ಓಡಾಟ ತಪ್ಪುತ್ತಿತ್ತೇನೋ.

ಇನ್ನು ಕನ್ನಡ ಮಾಧ್ಯಮದ ಪುಸ್ತಕಗಳ ವಿಚಾರ. ತಮಿಳುನಾಡು ಪಠ್ಯಪುಸ್ತಕ ನಿಗಮ ಕನ್ನಡ, ತೆಲುಗು, ಮಲಯಾಳಂ, ಉರ್ದುವಿನಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಇದನ್ನು ಮೆಚ್ಚಲೇಬೇಕು. ಗಣಿತ, ವಿಜ್ಞಾನ, ಸಮಾಜ ತಮಿಳಿನಿಂದಲೋ ಇಂಗ್ಲಿಷಿನಿಂದಲೋ ಅನುವಾದವಾಗಿ ಬರುತ್ತವೆ. ಅನುವಾದದ ಕನ್ನಡಕ್ಕೂ ಬಾಗಲೂರಿನ ಕನ್ನಡಕ್ಕೂ ಮುಖಪರಿಚಯವೇ ಇರುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಊರಿನ ಕಂದಾಯ ನೋಡಿಕೊಳ್ಳುವ ಅಧಿಕಾರಿಯನ್ನು ಇಲ್ಲಿ ಎಲ್ಲರೂ ‘ವಿ.ಎ.ಓ.’ ಎನ್ನುತ್ತಾರೆ. ಅನುವಾದಕರು ಅದನ್ನು ‘ಗ್ರಾಮ ಆಡಳಿತಾಧಿಕಾರಿ’ ಮಾಡಿದರೆ ಮಗುವಿಗೆ ಆಳು ಯಾರೆಂದು ಗೊತ್ತಾಗುವುದಿಲ್ಲ. ಹಾಗಾದರೆ ಬೆಂಗಳೂರಿನ ಪುಸ್ತಕ ತಂದುಬಿಡೋಣ ಎನ್ನುವವರಿದ್ದಾರೆ. ಅದರಲ್ಲಿ ಬಹುಕಾಲ ‘ಗ್ರಾಮಲೆಕ್ಕಿಗ’ ಇದ್ದ, ಅವನು ಗಡಿಯಾಚೆಯವನು. ನುಡಿ ತನ್ನದಾಯಿತು, ಸರ್ಕಾರ ಬೇರೆಯದಾಯಿತು. ಗಡಿಭಾಗದ ಮಗುವಿಗೆ ಬೇಕಾದ್ದು ಈ ಎರಡೂ ಅಲ್ಲ. ಪಾಠದೊಳಗೇ ‘ವಿ.ಎ.ಓ.’ ಎಂದು ಬರೆದು, ಅವರು ಮಾಡುವ ಕೆಲಸವನ್ನು ತಿಳಿಯಾದ ಕನ್ನಡದಲ್ಲಿ ಎರಡು ಸಾಲು ಹೇಳಿದರೆ ಸಾಕು. ಇದಕ್ಕೆ ವಿದ್ವಾಂಸರ ಸಮಿತಿ ಬೇಕಿಲ್ಲ. ಹೊಸೂರು ತಾಲೂಕಿನ ಇಬ್ಬರು ಪ್ರೈಮರಿ ಟೀಚರುಗಳನ್ನು ಕರೆದು ಕೂರಿಸಿಕೊಂಡು ಕರಡು ಓದಿಸಿದರೆ ಆಗುತ್ತದೆ.

ಪುಟದ ಅಳತೆಯ ಬಗ್ಗೆಯೂ ಒಂದು ಮಾತು. ತಮಿಳಿನಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದಿಲ್ಲ, ಕನ್ನಡದಲ್ಲಿ ಇಳಿಯುತ್ತದೆ. ತಮಿಳಿಗೆಂದು ಹಾಕಿದ ಪುಟದಲ್ಲೇ ಕನ್ನಡವನ್ನು ಕೂರಿಸಿದರೆ ಸಾಲುಗಳ ನಡುವೆ ಜಾಗ ಸಾಲದೆ ಒತ್ತುಗಳು ಇರುಕಿನಲ್ಲಿ ಸಿಕ್ಕಿಕೊಳ್ಳುತ್ತವೆ. ಕಣ್ಣು ಮಂಜಾದ ಮಗುವಿಗೆ ‘ಅಕ್ಕ’ನ ಒತ್ತೂ ‘ಅಣ್ಣ’ನ ಒತ್ತೂ ಒಂದೇ ಚುಕ್ಕೆಯಾಗಿ ಕಾಣುತ್ತದೆ. ‘ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ’ ಎಂದು ದೊಡ್ಡ ಮಾತಾಡುವಾಗ ಸಾಲುಗಳ ನಡುವಿನ ಅಂತರದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಣ್ಣು ಕಾಣದ ಮಕ್ಕಳ ವಿಷಯಕ್ಕೆ ಬಂದರೆ ಒಂದು ಸಂತೋಷದ ಸಂಗತಿ ಇದೆ. 1951ರ ಸುಮಾರಿಗೆ ನಮ್ಮ ದೇಶದ ಭಾಷೆಗಳಿಗೆಲ್ಲ ಸೇರಿ ಭಾರತಿ ಬ್ರೈಲ್ ಎಂಬ ಒಂದೇ ಲಿಪಿಯನ್ನು ಒಪ್ಪಿಕೊಂಡರು. ಅದರಲ್ಲಿ ಕನ್ನಡದ ‘ಕ’, ತೆಲುಗಿನ ‘ಕ’, ತಮಿಳಿನ ‘ಕ’ ಮೂರಕ್ಕೂ ಅದೇ ಎರಡು ಚುಕ್ಕಿ. ಕಣ್ಣಿರುವ ಮಗು ಬಾಗಲೂರಿನಲ್ಲಿ ಮೂರು ಲಿಪಿ ಕಲಿಯಬೇಕು. ಬೆರಳಿನಿಂದ ಓದುವ ಮಗು ಹೆಚ್ಚುಕಡಿಮೆ ಒಂದನ್ನೇ ಕಲಿತು ಮೂರನ್ನೂ ಓದಬಹುದು. ಆದರೆ ಓದಲು ಪುಸ್ತಕ ಇರಬೇಕಲ್ಲ. ತಮಿಳುನಾಡಿನ ಕನ್ನಡ ಮಾಧ್ಯಮದಲ್ಲಿ ಅಂಥ ಮಗು ಒಂದೋ ಎರಡೋ ಇದ್ದೀತು, ಮತ್ತೆ ತಲೆ ಎಣಿಸುವ ಸೂತ್ರವೇ ಎದುರಾಗುತ್ತದೆ. ವಿಕಲಾಂಗರ ಹಕ್ಕುಗಳ 2016ರ ಕಾಯ್ದೆ ಮಾತ್ರ ಹೀಗೆ ಎಣಿಸುವುದಿಲ್ಲ. ಆ ಒಂದು ಮಗುವಿಗೂ ಓದುವ ಸಾಮಗ್ರಿ ಕೊಡಬೇಕೆಂಬುದು ಅದರ ಅರ್ಥ.

ಈಗ ತರಗತಿಯ ಒಳಗೆ ಬರೋಣ. ಭಾಷೆ ಕಲಿಸುವವರಿಗೆ ಇದು ಹೆಚ್ಚು ಮುಖ್ಯವಾದ ಮಾತು.

ತೆಲುಗು ಮನೆಯ ಹುಡುಗ ಕನ್ನಡದಲ್ಲಿ ‘ನಮ್ಮಮ್ಮ ಬಂತು’ ಎನ್ನುತ್ತಾನೆ. ಮೇಷ್ಟ್ರು ‘ಅಮ್ಮ ಏನು ಹಸುವೇನೋ?’ ಎಂದು ಕೇಳುತ್ತಾರೆ, ತರಗತಿಯೆಲ್ಲ ನಗುತ್ತದೆ. ಹುಡುಗ ಅಮ್ಮನಿಗೆ ಅವಮಾನ ಮಾಡಿಲ್ಲ. ತೆಲುಗಿನ ಏಕವಚನದಲ್ಲಿ ಗಂಡಸಿಗೊಂದು ರೂಪ, ಹೆಂಗಸು, ಹಸು, ಬಸ್ಸು ಮೂರಕ್ಕೂ ಇನ್ನೊಂದು ರೂಪ. ಅವನು ತನ್ನ ಮನೆಯ ವ್ಯಾಕರಣವನ್ನು ತಪ್ಪಿಲ್ಲದೆ ಕನ್ನಡಕ್ಕೆ ತಂದಿದ್ದಾನೆ. ತಮಿಳು ಮನೆಯ ಹುಡುಗ ‘ಮಗು’ ಎಂದು ಬರೆಯಲು ‘ಮಕು’ ಎಂದು ಬರೆಯುತ್ತಾನೆ. ಓದು ಎಂದರೆ ‘ಮಗು’ ಎಂದೇ ಸರಿಯಾಗಿ ಓದುತ್ತಾನೆ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ, ಪದದಲ್ಲಿ ಅದು ಎಲ್ಲಿ ಕೂತಿದೆ ಎನ್ನುವುದರ ಮೇಲೆ ಉಚ್ಚಾರ. ಮದರಸಾದಲ್ಲಿ ಅರಬಿ ಓದುವ ಹುಡುಗಿ ನೋಟುಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾಳೆ, ಆ ಬರಹ ಬಲದಿಂದ ಎಡಕ್ಕೆ ಹೋಗುವುದರಿಂದ. ಇನ್ನು ಅಪ್ಪಟ ಕನ್ನಡ ಮನೆಯ ಹುಡುಗಿ ಹಾಲನ್ನು ‘ಆಲು’ ಎಂದು ಬರೆದು, ನಾಲ್ವರಲ್ಲಿ ಹೆಚ್ಚು ಬೈಗುಳ ತಿನ್ನುತ್ತಾಳೆ, ‘ಕನ್ನಡದವಳಾಗಿ ಹೀಗೆ ಬರೀತೀಯಲ್ಲ’ ಎಂದು. ಅವಳ ತಾಯಿ, ಅಜ್ಜಿ ಎಲ್ಲರೂ ಹಕಾರ ಬಿಟ್ಟೇ ಮಾತಾಡುವವರು. ಹೊಸೂರನ್ನು ಒಸೂರು ಎನ್ನುವವರು.

ಈ ನಾಲ್ಕು ತಪ್ಪಿಗೆ ನಾಲ್ಕು ಬೇರೆ ಕಾರಣ, ಆದರೆ ಕೆಂಪು ಇಂಕು ಒಂದೇ. ಶಿಕ್ಷಕರ ಕೈಪಿಡಿಯಲ್ಲಿ ಹತ್ತು ಪುಟ ಇದಕ್ಕೆ ಮೀಸಲಿಟ್ಟರೆ ಎಷ್ಟು ಉಪಕಾರವಾದೀತು! ತೆಲುಗು ಮನೆಯ ಮಗುವಿಗೆ ಯಾವುದು ತೊಡಕು, ತಮಿಳು ಮನೆಯ ಮಗುವಿಗೆ ಯಾವುದು, ದಖನಿ ಆಡುವವರಿಗೆ ಯಾವುದು ಎಂದು ತಿಳಿದ ಟೀಚರ್ ಬೈಯುವ ಮೊದಲು ಒಂದು ಗಳಿಗೆ ಯೋಚಿಸುತ್ತಾರೆ. ಇವು ಹೊಸ ವಿಚಾರಗಳೂ ಅಲ್ಲ. ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರಲ್ಲಿ ಶುರುವಾಯಿತು. ಅದರ ಮೊದಲ ನಿರ್ದೇಶಕರಾದ ಡಿ. ಪಿ. ಪಟ್ನಾಯಕರು ಬಹುಭಾಷಿಕತೆಯನ್ನೂ ಮಾತೃಭಾಷಾ ಶಿಕ್ಷಣವನ್ನೂ ಜೊತೆಗಿಟ್ಟು ನೋಡಬೇಕೆಂದು ಬರೆದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಹಲವು ಭಾಷೆಗಳನ್ನು ಸಂಪನ್ಮೂಲವೆಂದು ಕರೆಯಿತು. ಮೇಲಿನ ಕಾಗದಗಳಲ್ಲಿ ಎಲ್ಲವೂ ಇದೆ, ಕೆಳಗಿನ ಕಪ್ಪುಹಲಗೆಗೆ ಇಳಿದಿಲ್ಲ.

ಹೂವಿನ ಪಾಠ ಮಾಡುವುದಾದರೆ ಬಾಗಲೂರಿನಲ್ಲಿ ಹೇಗೆ ಮಾಡಬಹುದು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಾಲಿಹೌಸಿನಿಂದ ಕೊಯ್ದ ಗುಲಾಬಿಯನ್ನು ಕಡ್ಡಿಯ ಉದ್ದ ನೋಡಿ ವಿಂಗಡಿಸುತ್ತಾರೆ, 40 ಸೆಂಟಿಮೀಟರ್, 50, 60 ಎಂದು. ಇಪ್ಪತ್ತು ಹೂ ಸೇರಿಸಿ ಒಂದು ಕಟ್ಟು. ಮೊಗ್ಗು ನಲುಗದಂತೆ ರಟ್ಟು ಸುತ್ತಿ ತಂಪು ಕೋಣೆಗೆ ಸೇರಿಸುತ್ತಾರೆ. ಫೆಬ್ರವರಿ 14ರ ಮಾರುಕಟ್ಟೆಗೆ ಹೂ ಬರಬೇಕಾದರೆ ಡಿಸೆಂಬರಿನಲ್ಲೇ ಗಿಡ ಸವರಬೇಕು. ಮೂರನೆಯ ತರಗತಿಯ ಗಣಿತಕ್ಕೆ ಇದಕ್ಕಿಂತ ಏನು ಬೇಕು? ಅಮ್ಮ 13 ಕಟ್ಟು ಕಟ್ಟಿದಳು, ಏಳು ಹೂ ಮಿಕ್ಕಿತು, ಕೊಯ್ದ ಹೂ ಎಷ್ಟು? ಇಪ್ಪತ್ತರ ಮಗ್ಗಿ ಬಾಯಿಪಾಠವಿಲ್ಲದ ಹುಡುಗಿಯೂ 267 ಎಂದು ಹೇಳುತ್ತಾಳೆ, ಕಟ್ಟುವವರ ಪಕ್ಕದಲ್ಲಿ ಕೂತು ಬೆಳೆದವಳು ಅವಳು. ಅಳತೆಪಟ್ಟಿ ಹಿಡಿದು ಕಡ್ಡಿ ಅಳೆಯುವುದು, ಕ್ಯಾಲೆಂಡರ್ ಇಟ್ಟುಕೊಂಡು ದಿನ ಎಣಿಸುವುದು ಎಲ್ಲ ಇದರಲ್ಲೇ ಬಂತು. ಕೂಲಿಗೆ ಹೋಗುವ ತಾಯಿ ಪಾಠದೊಳಗೆ ಬಂದಳು ಎನ್ನುವುದೂ ಸಣ್ಣ ಸಂಗತಿಯಲ್ಲ. ನಮ್ಮ ಪುಸ್ತಕಗಳ ಚಿತ್ರದಲ್ಲಿ ತಾಯಿ ಬಹಳ ಕಾಲ ಒಲೆಯ ಮುಂದೆಯೇ ಕೂತಿದ್ದಳು. 2024ರಲ್ಲಿ ಕೇರಳ ಮೂರನೆಯ ತರಗತಿಯ ಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಚಿತ್ರ ಹಾಕಿದಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಒಬ್ಬ ಗಂಡಸು ಕಾಯಿ ತುರಿದದ್ದು ಸುದ್ದಿ!

ಅದೇ ಹೂವನ್ನು ಇಟ್ಟುಕೊಂಡು ಭಾಷೆ ಕಲಿಸಬಹುದು. ಹಲಗೆಯ ಮೇಲೆ ಗೆರೆ ಎಳೆದು ನಾಲ್ಕು ಮನೆ ಮಾಡಿ. ಕನ್ನಡದಲ್ಲಿ ಹೂ, ತಮಿಳಿನಲ್ಲಿ ಪೂ, ತೆಲುಗಿನಲ್ಲಿ ಪುವ್ವು, ದಖನಿಯಲ್ಲಿ ಫೂಲ್. ಮಕ್ಕಳೇ ಹೇಳಲಿ, ಟೀಚರ್ ಬರೆಯಲಿ. ಆಮೇಲೆ ಹಾಲು, ಪಾಲ್, ಪಾಲು. ಹುಲಿ, ಪುಲಿ, ಪುಲಿ. ನಾಲ್ಕನೆಯ ಪದಕ್ಕೆ ಬರುವ ಹೊತ್ತಿಗೆ ಯಾವುದಾದರೂ ಮಗು ‘ಸಾರ್, ಕನ್ನಡದಲ್ಲಿ ಮಾತ್ರ ಹ ಬರ್ತೈತೆ, ಅವರದ್ರಲ್ಲಿ ಪ’ ಎಂದು ಕೂಗುತ್ತದೆ. ಭಾಷಾವಿಜ್ಞಾನದ ತರಗತಿಯಲ್ಲಿ ಎಂ.ಎ. ವಿದ್ಯಾರ್ಥಿಗಳಿಗೆ ಹೇಳುವ ಪಾಠ ಇದು, ಮೂರನೆಯ ತರಗತಿಯ ಮಗು ತಾನೇ ಕಂಡುಕೊಂಡಿತು. ಮುಂದೆ ಹೈಸ್ಕೂಲಿಗೆ ಹೋದಾಗ ಹಳಗನ್ನಡದ ಪಾಠ ಬರುತ್ತದೆ. ಪಾಲ್, ಪುಲಿ ಎಂದು ಕಂಡರೆ ಬೆಂಗಳೂರಿನ ಹುಡುಗ ಅರ್ಥಕೋಶ ಹುಡುಕುತ್ತಾನೆ. ಬಾಗಲೂರಿನ ಹುಡುಗಿಗೆ ಅದು ಬೀದಿಯಲ್ಲಿ ಆಡುವ ಮಾತು. ಕೊರತೆ ಎಂದು ನಾವು ಅಂದುಕೊಂಡದ್ದು ಹಳಗನ್ನಡದ ಬಾಗಿಲಲ್ಲಿ ಅವಳಿಗೆ ಅನುಕೂಲವಾಗಿ ಒದಗಿತು. ತೆಲುಗು ಲಿಪಿಯ ವಿಷಯವಂತೂ ಹೇಳಬೇಕಾದ್ದಿಲ್ಲ, ತಲೆಕಟ್ಟು ಒಂದನ್ನು ಹೊಂದಿಸಿಕೊಂಡರೆ ಬಹುಪಾಲು ಅಕ್ಷರ ಕನ್ನಡದ ಮಗುವಿಗೆ ಓದಲು ಬರುತ್ತವೆ.

ಇಂಥ ಕೆಲಸಕ್ಕೆ ಸರ್ಕಾರಗಳಲ್ಲಿ ಮಾದರಿ ಇಲ್ಲದಿಲ್ಲ. ಕರ್ನಾಟಕದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಯಿತು. ಅ, ಆ ಸಾಲು ಬಿಟ್ಟು ರ, ಗ, ಸ, ದ ಎಂಬ ಸುಲಭದ ಆಕಾರದ ಅಕ್ಷರಗಳಿಂದ ಹೊರಟು, ಕಾರ್ಡುಗಳ ಮೂಲಕ ಮಗು ತನ್ನ ವೇಗದಲ್ಲೇ ಏಣಿ ಹತ್ತುವಂತೆ ಮಾಡಿತು. ತಮಿಳುನಾಡು 2022ರಲ್ಲಿ ‘ಎಣ್ಣುಂ ಎಳುತ್ತುಂ’ ಎಂಬ ಕಾರ್ಯಕ್ರಮ ತಂದು ಮೊದಲ ಮೂರು ತರಗತಿಯ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂದು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿತು. ಮಟ್ಟ ನೋಡಿ ಗುಂಪು ಮಾಡಲು ಬರುವುದಾದರೆ ಮನೆಮಾತು ನೋಡಿ ಸಾಮಗ್ರಿ ಮಾಡಲು ಏಕೆ ಬಾರದು? ಒಡಿಶಾ 2006–07ರಲ್ಲೇ ಹತ್ತು ಆದಿವಾಸಿ ಭಾಷೆಗಳಲ್ಲಿ ಪ್ರಾಥಮಿಕ ಪಾಠ ಶುರುಮಾಡಿತು. ಹೊಸೂರಿನ ಕಾರ್ಖಾನೆಗಳಿಗೆ, ಇಟ್ಟಿಗೆ ಗೂಡುಗಳಿಗೆ ದುಡಿಯಲು ಬಂದವರಲ್ಲಿ ಆ ಕಡೆಯವರೂ ಇದ್ದಾರೆ. ಅವರ ಮಕ್ಕಳು ಈಗ ಬೆಂಚಿನ ಐದನೆಯ ಮಾತು.

ಇಲ್ಲಿಯವರೆಗೆ ಸರ್ಕಾರಗಳಿಗೆ ಬುದ್ಧಿ ಹೇಳಿದ್ದಾಯಿತು. ಈಗ ನಮ್ಮ ಮನೆಯ ಮಾತು. ಗಡಿಯ ಕನ್ನಡಿಗರು ನಾವು ಚೆನ್ನೈಗೆ ಅರ್ಜಿ ಬರೆಯುತ್ತೇವೆ, ನಮ್ಮ ಮಕ್ಕಳ ಮಾತಿಗೆ ಬೆಲೆ ಕೊಡಿ ಎಂದು. ಕೇರಳದ ಕಾಸರಗೋಡಿನಲ್ಲಿ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮಕ್ಕೆ ಹಾಕಿದಾಗ ಮಕ್ಕಳೂ ಪೋಷಕರೂ ಬೀದಿಗಿಳಿದರು, ಇಳಿದದ್ದು ಸರಿ. ಆದರೆ ನಮ್ಮದೇ ಕನ್ನಡ ಮಾಧ್ಯಮದ ತರಗತಿಯಲ್ಲಿ ತೆಲುಗಿನ ಹುಡುಗ, ದಖನಿ ಆಡುವ ಹುಡುಗಿ ಕೂತಿದ್ದಾರೆ. ‘ಇಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ’ ಎಂದು ಗದರಿಸುವ ಮೇಷ್ಟ್ರು, ಚೆನ್ನೈಯ ಅಧಿಕಾರಿ ತಮಗೆ ಮಾಡಿದ್ದನ್ನೇ ಆ ಮಕ್ಕಳಿಗೆ ಮಾಡುತ್ತಿದ್ದಾರೆ. ನಾನು ಕಂಡ ತರಗತಿಗಳಲ್ಲಿ ಇದು ಅಪರೂಪವಾಗಿರಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ತಮಿಳು ಮನೆಯ ಮಕ್ಕಳು ಇದೇ ಅನುಭವವನ್ನು ತಿರುಗುಮುರುಗಾಗಿ ಹೇಳಿಯಾರು. ಕರ್ನಾಟಕ ತಮಿಳು, ತೆಲುಗು, ಉರ್ದು, ಮರಾಠಿ ಮಾಧ್ಯಮಗಳಿಗೂ ಪುಸ್ತಕ ಅಚ್ಚು ಹಾಕುತ್ತದೆ, ಅವೂ ಬಹುಮಟ್ಟಿಗೆ ಅನುವಾದವೇ.

ಮನೆಮಾತು ಬೇರೆಯಾದರೆ ಕನ್ನಡ ಕೆಡುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಬಾಗಲೂರಿನಿಂದ ಗಡಿ ದಾಟಿ ಸ್ವಲ್ಪ ದೂರ ಹೋದರೆ ಮಾಲೂರು ತಾಲೂಕಿನ ಮಾಸ್ತಿ. ಮನೆಯಲ್ಲಿ ತಮಿಳು ಆಡುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದ ಆಸ್ತಿಯಾದರು, 1983ರಲ್ಲಿ ಜ್ಞಾನಪೀಠ ತಂದರು. ಮನೆಯಲ್ಲಿ ಮರಾಠಿ ಆಡಿದ ಬೇಂದ್ರೆಯವರಿಗಿಂತ ಒಳ್ಳೆಯ ಕನ್ನಡ ಯಾರು ಬರೆದರು? ಹೊಸೂರಿನ ಈ ಮಗ್ಗುಲಿನ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನಲ್ಲೂ ಬೆಂಗಳೂರಿನಲ್ಲೂ ಓದಿದವರು. ಹಲವು ನುಡಿಗಳ ನಡುವೆ ಬೆಳೆದ ಅವರೇ ಮದ್ರಾಸ್ ಪ್ರಾಂತದ ಪ್ರಧಾನಿಯಾದಾಗ ಶಾಲೆಗಳಿಗೆ ಹಿಂದುಸ್ತಾನಿಯನ್ನು ಕಡ್ಡಾಯ ಮಾಡಲು ಹೋಗಿ ದೊಡ್ಡ ಚಳವಳಿಯನ್ನು ಎದುರಿಸಿದರು. ಕಡ್ಡಾಯ ಎಂಬ ಮಾತು ಭಾಷೆಯ ವಿಷಯದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಜಾತಿಯ ವಿಷಯವನ್ನು ಬಿಟ್ಟರೆ ಈ ಮಾತು ಅರೆಬರೆಯಾಗುತ್ತದೆ. ಚಿಕ್ಕ ತರಗತಿಗಳ ಪುಸ್ತಕಗಳಲ್ಲಿ ‘ನಮ್ಮ ಸಹಾಯಕರು’ ಎಂಬ ಧಾಟಿಯ ಪಾಠವೊಂದು ಸಾಮಾನ್ಯ. ಕುಂಬಾರ, ಅಗಸ, ಕ್ಷೌರಿಕ, ಚಮ್ಮಾರ ಎಂದು ಸಾಲಾಗಿ ಚಿತ್ರ. ಆ ಪಾಠದ ದಿನ ತರಗತಿಯ ಕಣ್ಣೆಲ್ಲ ಯಾವ ಮಗುವಿನ ಮೇಲೆ ಹೋಗುತ್ತದೆ ಎಂದು ಹಳ್ಳಿಯಲ್ಲಿ ಕಲಿಸಿದ ಎಲ್ಲರಿಗೂ ಗೊತ್ತು. ಕಸುಬು ಕಲಿಸಬೇಕಾದರೆ ಚಕ್ರದ ಮೇಲೆ ಮಣ್ಣು ಹೇಗೆ ಮಡಕೆಯಾಗುತ್ತದೆ ಎಂದು ಕಲಿಸಿ. ಮಾಡುವವನ ಜಾತಿಯ ಹೆಸರನ್ನು ಚಿತ್ರದ ಕೆಳಗೆ ಬರೆಯುವ ಅಗತ್ಯವಿಲ್ಲ.

ಕೊನೆಗೆ ಬಾಗಲೂರು ಸುತ್ತಿನ ತಂದೆತಾಯಿಗಳಲ್ಲಿ, ಅದರಲ್ಲೂ ತಾಯಂದಿರಲ್ಲಿ ಒಂದು ಕೋರಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯಲ್ಲಿ ಒಂದು ನಿರ್ವಹಣಾ ಸಮಿತಿ ಇರಬೇಕು. ಎಸ್.ಎಂ.ಸಿ. ಎನ್ನುತ್ತಾರಲ್ಲ, ಅದೇ. ಅದರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಬೇಕು. ಅದೇ ಕಾಯ್ದೆ ಹಿಂದುಳಿದ ಗುಂಪು ಯಾವುದೆಂದು ವಿವರಿಸುವಾಗ ಜಾತಿ, ಬಡತನಗಳ ಜೊತೆಗೆ ಭಾಷೆಯ ಕಾರಣದಿಂದ ಹಿಂದೆ ಬಿದ್ದವರನ್ನೂ ಹೆಸರಿಸಿದೆ. ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಪಾಠವಾಗಬೇಕೆಂದು ಕೇಳುವುದಕ್ಕೆ ಈ ಒಂದು ಆಧಾರ ಸಾಕು. ಮುಂದಿನ ಸಭೆಗೆ ಒಂದು ದಿನದ ಕೂಲಿ ಬಿಟ್ಟಾದರೂ ಹೋಗಿ. ಕನ್ನಡದ ಪುಸ್ತಕ ಯಾವ ತಿಂಗಳಲ್ಲಿ ಬಂತು, ಕನ್ನಡ ಬಲ್ಲ ಟೀಚರ್ ಎಷ್ಟು ಜನ ಇದ್ದಾರೆ, ತಮಿಳನ್ನು ಹೊಸದಾಗಿ ಕಲಿಯುವವರಿಗೆ ಬೇರೆ ಪುಸ್ತಕ ಕೊಡುತ್ತೀರಾ ಎಂದು ಕೇಳಿ. ತೆಲುಗಿನಲ್ಲಿ ಕೇಳಿದರೂ ಸರಿ, ದಖನಿಯಲ್ಲಿ ಕೇಳಿದರೂ ಸರಿ. ಕೇಳಿದ್ದನ್ನು ಸಭೆಯ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿಕೊಂಡು ಆಮೇಲೆ ಸಹಿ ಹಾಕಿ.